ಬೇರೆ ತೆಗೆದಿಟ್ಟ ಸಾಲು

ಫೆಬ್ರವರಿ 19

ಮರೀ,

ಕಾಗದ ಬರೆದು ಎಷ್ಟು ವರ್ಷವಾಯಿತೋ ಏನೋ, ಪೆನ್ನು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸಿಕ್ಕಿದ ಮೂರರಲ್ಲಿ ಎರಡು ಬರೆಯುವುದಿಲ್ಲ. ನನ್ನ ಫೋನನ್ನು ಆಸ್ಪತ್ರೆಯ ವಿಚಾರಣೆಯವರು ತೆಗೆದುಕೊಂಡು ಹೋಗಿದ್ದಾರೆ. ಪಕ್ಕದ ಮನೆಯವರ ಫೋನಿನಿಂದ ನಿನಗೆ ನಾಲ್ಕು ಸಲ ಮಾಡಿದೆ, ನೀನು ಎತ್ತಲಿಲ್ಲ. ಐದನೇ ಸಲ ಕೇಳೋಣವೆಂದರೆ ಅವರ ಮುಖ ನೋಡಿಯೇ ಸಾಕಾಯಿತು.

ನಡೆದದ್ದು ಅಷ್ಟೋ ಇಷ್ಟೋ ನಿನಗೆ ಗೊತ್ತಿರುತ್ತದೆ. ನಮ್ಮ ಆಸ್ಪತ್ರೆಯ ರೋಗಿಗಳ ದಾಖಲೆಯೆಲ್ಲ ಇರುವುದು ನಿಮ್ಮ ಕಂಪನಿಯ ಕಂಪ್ಯೂಟರಿನಲ್ಲಿ, ಅದನ್ನು ಕಟ್ಟಿದವನೇ ನೀನು. ಆದರೂ ವಾರ್ಡಿನಲ್ಲಿ ನಿಂತವಳು ನಾನು, ನನ್ನ ಬಾಯಿಂದಲೇ ಕೇಳು.

ಫೆಬ್ರವರಿ ಆರು, ಗುರುವಾರ, ನನ್ನದು ಬೆಳಗಿನ ಪಾಳಿ. ಹನ್ನೊಂದನೇ ಹಾಸಿಗೆಗೆ ಒಬ್ಬ ಹೆಂಗಸು ಬಂದರು. ಬಟ್ಟೆ ಹೊಲಿಯುವವರು. ಕಾಲಿಗೆ ಸೂಜಿ ಚುಚ್ಚಿಕೊಂಡು, ಕೀವಾಗಿ, ಪಾದ ಇಷ್ಟು ದಪ್ಪ ಊದಿತ್ತು. ಅಷ್ಟು ನೋವಿನಲ್ಲೂ ನನ್ನ ತೋಳು ಹಿಡಿದು ಸಮವಸ್ತ್ರದ ಹೊಲಿಗೆ ನೋಡಿ, "ಇದನ್ಯಾರಮ್ಮಾ ಹೊಲಿದೋರು, ಕಣ್ಣು ಮುಚ್ಕೊಂಡು ಹೊಲಿದಿದಾರೆ" ಅಂದರು. ಜೊತೆಗೆ ಮಗಳಿದ್ದಳು, ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಹನ್ನೊಂದೂವರೆ ಹೊತ್ತಿಗೆ ಆ ಮಗಳು ನನ್ನನ್ನು ತಡೆದು, "ಸಿಸ್ಟರ್, ಅಮ್ಮಂಗೆ ಪೆನಿಸಿಲಿನ್ ಆಗಲ್ಲ. ಹಿಂದೊಂದ್ಸಲ ಕೊಟ್ಟಾಗ ಗಂಟಲು ಕಟ್ಟಿ ಉಸಿರೇ ನಿಂತ್ಹೋಗಿತ್ತು" ಅಂದಳು. ನಾನು ನೆಟ್ಟಗೆ ಹೋಗಿ ಕಂಪ್ಯೂಟರಿನಲ್ಲಿ ಹಾಕಿದೆ. ಹಾಗೆ ಹಾಕಿದರೆ ಹೆಸರಿನ ಪಕ್ಕ ಕೆಂಪು ಗುರುತು ಬರುತ್ತದೆ. ಬಂತು. ಕಣ್ಣಾರೆ ನೋಡಿದೆ.

ಎರಡು ಗಂಟೆಗೆ ಪಾಳಿ ಬದಲು. ಮುಂದಿನವಳಿಗೆ ಬಾಯಲ್ಲೂ ಹೇಳುವ ಅಭ್ಯಾಸ ನನ್ನದು. ಅವತ್ತು ನಾಲ್ಕನೇ ಹಾಸಿಗೆಯ ತಾತ ಧೊಪ್ಪೆಂದು ಕೆಳಗೆ ಬಿದ್ದರು, ಎಲ್ಲರೂ ಅತ್ತ ಓಡಿದೆವು. ಕೊನೆಗೆ "ಸ್ಕ್ರೀನ್ ನೋಡ್ಕೊಳ್ಳೇ" ಅಂದು ಹೊರಟೆ. ಮಧ್ಯಾಹ್ನದ ಪಾಳಿಯವಳು, ನಾವು ಮೆಣಸಿನಕಾಯಿ ಅನ್ನುತ್ತೇವಲ್ಲ ಅವಳು, ಮೂರು ಗಂಟೆಗೆ ಸ್ಕ್ರೀನ್ ನೋಡಿಯೇ ನೋಡಿದಳು. ಕೆಂಪು ಗುರುತು ಇರಲಿಲ್ಲ. ಡಾಕ್ಟರು ಬರೆದಿದ್ದ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟಳು. ಮೂರು ಮುಕ್ಕಾಲಿಗೆ ಆ ತಾಯಿ ಹೋಗಿಬಿಟ್ಟರು.

ಈಗ ನಾನು ನಮೂದು ಮಾಡಲೇ ಇಲ್ಲ ಎನ್ನುತ್ತಿದ್ದಾರೆ. ಕೆಲಸದಿಂದ ದೂರ ಇಟ್ಟಿದ್ದಾರೆ. ನನಗೆ ನೀನು ಒಂದೇ ಒಂದು ಹೇಳು. ನಾನು ಹಾಕಿದ್ದೆನೋ ಇಲ್ಲವೋ? ನೀನು ಕಟ್ಟಿದ್ದಕ್ಕೆ ಅಷ್ಟು ಗೊತ್ತಿರಬೇಕಲ್ಲ.

ನಿನ್ನ ಅಕ್ಕ


ಫೆಬ್ರವರಿ 27

ಪ್ರೀತಿಯ ಅಕ್ಕ,

ಫೋನ್ ಎತ್ತದಿದ್ದಕ್ಕೆ ಬೈಯಬೇಡ. ವಿಚಾರಣೆ ಮುಗಿಯುವವರೆಗೆ ನಿಮ್ಮ ಆಸ್ಪತ್ರೆಯ ಯಾರೊಂದಿಗೂ ಮಾತಾಡಕೂಡದೆಂದು ಕಂಪನಿಯಲ್ಲಿ ಬರೆಸಿಕೊಂಡಿದ್ದಾರೆ. ನನ್ನ ಫೋನೂ ಅವರದೇ, ಮೇಲ್ ಕೂಡ ಅವರದೇ. ತಂತಿಯ ಮೇಲೆ ಹೋದದ್ದು ಎಲ್ಲಿ ಎಷ್ಟು ದಿನ ಉಳಿಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಗದವೇ ಒಳ್ಳೆಯದು. ಓದಿದ ಮೇಲೆ ಹರಿದು ಹಾಕು.

ಅವತ್ತು ನಡೆದದ್ದು ಇಷ್ಟು. ಯಾರೋ ಹೊರಗಿನವರು ಆಸ್ಪತ್ರೆಯ ದಾಖಲೆಗೆ ನುಗ್ಗಿ ಮೂವತ್ತೊಂದು ರೋಗಿಗಳ ಔಷಧಿಯ ಪ್ರಮಾಣ ಬದಲಿಸಿದರು. ಅರ್ಧ ಮಾತ್ರೆ ಇದ್ದಲ್ಲಿ ಐದು. ಬೇರೆ ಯಾವ ವ್ಯವಸ್ಥೆಯಾಗಿದ್ದರೂ ಗೊತ್ತಾಗುವಷ್ಟರಲ್ಲಿ ಸಂಜೆಯಾಗುತ್ತಿತ್ತು, ಇಲ್ಲವೇ ಎಲ್ಲ ನಿಲ್ಲಿಸಿ ಎರಡು ದಿನ ಕತ್ತಲಲ್ಲಿ ಕೂರಬೇಕಿತ್ತು. ನಮ್ಮದು ಹಾಗಲ್ಲ. ಕಳ್ಳ ಒಳಗೆ ಬಂದೇ ಬರುತ್ತಾನೆ ಎಂದುಕೊಂಡೇ ಕಟ್ಟಿದ ಮನೆ ಇದು. ಅವನು ಬಂದಾಗ ಗುರುತಿಸಿ, ಅವನ ಕೈ ತಗುಲಿದ್ದನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಮೊದಲಿನಂತೆ ಮಾಡುತ್ತದೆ. ಯಾರನ್ನೂ ಕೇಳುವುದಿಲ್ಲ, ಕೆಲಸವನ್ನೂ ನಿಲ್ಲಿಸುವುದಿಲ್ಲ. ಅವತ್ತು ಎರಡು ಹತ್ತಕ್ಕೆ ಹಿಡಿಯಿತು, ಎರಡು ಹದಿನಾಲ್ಕಕ್ಕೆ ಎಲ್ಲ ಸರಿಮಾಡಿತು. ನಾಲ್ಕು ನಿಮಿಷ! ಆ ಮೂವತ್ತೊಂದು ಜನ ಇವತ್ತು ಮನೆಗೆ ಹೋಗಿದ್ದಾರೆ ಅಕ್ಕ.

ನುಗ್ಗಿದವನು ಮಾಡಿದ್ದನ್ನು ಬಿಟ್ಟು ನಿಜವಾದ ನಮೂದು ಒಂದೂ ಹೋಗಿಲ್ಲವೆಂದು ಮೂರನೇ ದಿನವೇ ಕಂಪನಿ ಬರೆದುಕೊಟ್ಟಿದೆ. ಅದರ ಕೆಳಗೆ ಸಹಿ ನನ್ನದು. ಆದರೂ ನೀನು ಕೇಳಿದ್ದೀಯೆಂದು ಇನ್ನೊಮ್ಮೆ ಖುದ್ದಾಗಿ ನೋಡುತ್ತೇನೆ. ಬೇರೆ ತೆಗೆದಿಟ್ಟದ್ದು ಒಂದು ಖಾನೆಯಲ್ಲಿ ತೊಂಬತ್ತು ದಿನ ಇರುತ್ತದೆ, ಆಮೇಲೆ ತಾನಾಗಿಯೇ ಅಳಿಯುತ್ತದೆ. ಮೇ ಏಳರವರೆಗೆ ಸಮಯವಿದೆ, ಗಾಬರಿಯಾಗಬೇಡ.

ಒಂದು ಮಾತು. ಅವನು ಒಳಗೆ ಬಂದದ್ದು ನಿನ್ನ ಹೆಸರಿನ ಲಾಗಿನ್‌ನಿಂದ. ನಿನ್ನ ಪಾಸ್‌ವರ್ಡ್ ಬೇರೆ ಯಾರಿಗಾದರೂ ಗೊತ್ತಿತ್ತೇ?

ನಿನ್ನ ತಮ್ಮ


ಮಾರ್ಚ್ 9

ಮರೀ,

ಬೇರೆ ಯಾರಿಗಾದರೂ ಗೊತ್ತಿತ್ತೇ ಅಂತೆ! ಓದಿ ಇಷ್ಟು ದಿನದಲ್ಲಿ ಮೊದಲ ಸಲ ನಗು ಬಂತು, ನಿನ್ನ ಭಾವ ಗಾಬರಿಯಾಗಿ ಒಳಗಿಂದ ಓಡಿಬಂದರು.

ಯಾರಿಗೆ ಗೊತ್ತಿರಲಿಲ್ಲ ಕೇಳು. ವಾರ್ಡಿನಲ್ಲಿ ಏಳು ಜನಕ್ಕೆ ಒಂದು ಕಂಪ್ಯೂಟರು. ಒಬ್ಬಳು ಹೊರಗೆ ಬಂದು ಇನ್ನೊಬ್ಬಳು ಒಳಗೆ ಹೋಗಬೇಕಾದರೆ ನೀನು ಇಟ್ಟಿರುವ ಬೀಗಗಳನ್ನೆಲ್ಲ ತೆಗೆಯಲು ನಾಲ್ಕು ನಿಮಿಷ. ಅಷ್ಟರಲ್ಲಿ ಒಬ್ಬರು ವಾಂತಿ ಮಾಡಿಕೊಂಡಿರುತ್ತಾರೆ, ಇನ್ನೊಬ್ಬರು ಡ್ರಿಪ್ ಕಿತ್ತುಕೊಂಡಿರುತ್ತಾರೆ. ಅದಕ್ಕೇ ಬೆಳಿಗ್ಗೆ ಮೊದಲು ಬಂದವಳು ತನ್ನ ಹೆಸರಿನಲ್ಲಿ ತೆಗೆದಿಟ್ಟರೆ ಸಂಜೆಯವರೆಗೆ ಎಲ್ಲರಿಗೂ ಅದೇ. ಮೊದಲು ಬರುವವಳು ಯಾವಾಗಲೂ ನಾನೇ. ಅಕಸ್ಮಾತ್ ಮುಚ್ಚಿಹೋದರೆ ಇರಲಿ ಎಂದು ಪಾಸ್‌ವರ್ಡನ್ನು ಗಾಯಕ್ಕೆ ಅಂಟಿಸುವ ಪಟ್ಟಿಯ ಮೇಲೆ ಬರೆದು ಸ್ಕ್ರೀನಿನ ಪಕ್ಕಕ್ಕೆ ಹಚ್ಚಿದ್ದೆವು. ಇದನ್ನೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಿನಗೆ ಹೇಳಿರಲಿಲ್ಲವೇನೋ? ನೀನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವುದಕ್ಕೆ ಬದಲು ಅವತ್ತು ನಾಲ್ಕು ಬೈದಿದ್ದರೆ ಆಗುತ್ತಿತ್ತು. ಇರಲಿ, ಅದು ನನ್ನ ತಪ್ಪೇ. ವಿಚಾರಣೆಯಲ್ಲೂ ಒಪ್ಪಿಕೊಂಡಿದ್ದೇನೆ.

ವಿಚಾರಣೆಯ ಮುಖ್ಯಸ್ಥರು ನಮ್ಮ ಇಸ್ತ್ರಿ ಡಾಕ್ಟರು. ಕೋಟಿಗೆ ಒಂದು ಸುಕ್ಕು ಬಿದ್ದರೂ ಸಹಿಸದ ಮನುಷ್ಯ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೆತ್ತಗೆ, "ಸಿಸ್ಟರ್, ಇಪ್ಪತ್ತೊಂಬತ್ತು ವರ್ಷ ಆಯ್ತು ನೀವು ಸೇರಿ. ಸುಸ್ತಾಗಿತ್ತಾ? ಹಾಕ್ಬೇಕು ಅಂದ್ಕೊಂಡು, ಹಾಕ್ದೆ ಅಂತ ಅನಿಸಿರಬಹುದಲ್ವಾ?" ಅನ್ನುತ್ತಾರೆ. ಹಾಗೆ ಅನ್ನುವಾಗ ಮೈಯೆಲ್ಲ ಉರಿಯುತ್ತದೆ. ಮನೆಗೆ ಬಂದ ಮೇಲೆ ಅದೇ ಮಾತು ತಲೆಯಲ್ಲಿ ಕೊರೆಯುತ್ತದೆ. ಮೊದಲಾಗಿದ್ದರೆ ಮಂಚದ ಕಾಲಿಗೆ ತೂಗುಹಾಕಿದ ಚೀಟಿಯಲ್ಲಿ ಬರೆಯುತ್ತಿದ್ದೆ, ಕೈಗೆ ಕೆಂಪು ಪಟ್ಟಿ ಕಟ್ಟುತ್ತಿದ್ದೆ. ನಿಮ್ಮದು ಬಂದ ಮೇಲೆ ಎರಡನ್ನೂ ತೆಗೆಸಿದರು, ಎಲ್ಲ ಸ್ಕ್ರೀನಿನಲ್ಲಿ ಇದೆಯಲ್ಲ ಎಂದು.

ಈಗ ಏನು ಮಾಡುತ್ತೇನೆ ಗೊತ್ತೇ? ಊಟದ ಮೇಜಿನ ಮುಂದೆ ಕೂತು, ಬರೀ ಹಲಗೆಯ ಮೇಲೆ ಬೆರಳು ಆಡಿಸುತ್ತೇನೆ. ಪೆನಿಸಿಲಿನ್ ಎಂದು ಒತ್ತುತ್ತೇನೆ. ಬೆರಳಿಗೆ ನೆನಪಿದೆಯೇ ಎಂದು ನೋಡುತ್ತೇನೆ. ಒಂದು ದಿನ ಇದೆ ಅನಿಸುತ್ತದೆ, ಇನ್ನೊಂದು ದಿನ ಇಲ್ಲ.

ಮೊನ್ನೆ ವಿಚಾರಣೆ ಮುಗಿಸಿ ಹೊರಗೆ ಬಂದರೆ ಆ ಮಗಳು ಗೇಟಿನ ಹತ್ತಿರ ನಿಂತಿದ್ದಳು. "ನಾನು ಹೇಳಿದೆ, ನೀವು ತಲೆ ಆಡಿಸಿದ್ರಿ. ತಲೆ ಆಡಿಸಿ ಎಲ್ಲಿಗೆ ಹೋದ್ರಿ ಸಿಸ್ಟರ್?" ಅಂದಳು. ಬೇಗ ನೋಡಿ ಹೇಳು.

ನಿನ್ನ ಅಕ್ಕ


ಮಾರ್ಚ್ 21

ಪ್ರೀತಿಯ ಅಕ್ಕ,

ತಡವಾಯಿತು. ಇಲ್ಲಿ ಉಸಿರಾಡಲೂ ಬಿಡುವಿಲ್ಲ. ಇನ್ನೂ ಹನ್ನೊಂದು ಆಸ್ಪತ್ರೆಗಳಿಗೆ ನಮ್ಮದೇ ವ್ಯವಸ್ಥೆ ಹಾಕಿದ್ದೇವೆ, ಎಲ್ಲ ಕಡೆಯಿಂದಲೂ ಕರೆ. ನಮ್ಮ ಕಂಪನಿಯ ದೊಡ್ಡವರು ಹೋದಲ್ಲೆಲ್ಲ ಆ ನಾಲ್ಕು ನಿಮಿಷದ ಕಥೆ ಹೇಳುತ್ತಾರೆ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿಕೊಳ್ಳುತ್ತಾರೆ. ಬೆನ್ನು ನೋವು ಹೆಚ್ಚಾಗಿದೆ. ನೀನು ಹೇಳಿದ್ದ ವ್ಯಾಯಾಮ ಮಾಡುತ್ತಿದ್ದೇನೆ, ಎರಡು ದಿನ ಮಾಡಿ ಮೂರನೇ ದಿನ ಬಿಡುತ್ತೇನೆ.

ನೀನು ಕೇಳಿದ್ದನ್ನು ನೋಡಿದೆ. ಖಾನೆಯನ್ನೂ ತೆಗೆದು ನೋಡಿದೆ. ಅಲ್ಲಿ ಅಂಥದ್ದೇನೂ ಇಲ್ಲ.

ನೀನು ಬೇಕೆಂದು ಮಾಡಿದ್ದಲ್ಲವಲ್ಲ. ಅಷ್ಟು ಕೆಲಸದ ನಡುವೆ ಯಾರಿಗಾದರೂ ಆಗುವಂಥದ್ದು. ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಜನರನ್ನು ಬದುಕಿಸಿದ್ದೀಯೆಂದು ಯೋಚಿಸು. ಸರಿಯಾಗಿ ಊಟ ಮಾಡು, ನಿದ್ದೆ ಮಾಡು. ಭಾವನಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ


ಮಾರ್ಚ್ 30

ಮರೀ,

ನಿನ್ನ ಕಾಗದ ಬಂದು ಐದು ದಿನವಾಯಿತು. ಮೊದಲ ದಿನ ಗೋಡೆ ನೋಡುತ್ತಾ ಕೂತೆ. ಎರಡನೇ ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದೆ. ಆಮೇಲೆ ಅಳು ಬಂತು. ಒಂದು ರೀತಿಯಲ್ಲಿ ಹಗುರವಾಯಿತು ಅಂತಲೂ ಹೇಳಬೇಕು. ಹಾಕಿದ್ದೆನೋ ಇಲ್ಲವೋ ಎಂದು ದಿನವಿಡೀ ಗಿರಕಿ ಹೊಡೆಯುವುದು ತಪ್ಪಿತು. ಹಾಕಿರಲಿಲ್ಲ. ಕೆಂಪು ಗುರುತು ಕಂಡದ್ದೂ ನನ್ನ ಮನಸ್ಸೇ ಕಟ್ಟಿದ್ದು. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಅಮ್ಮ ಹೋದಾಗ ನಿನಗೆ ಆರು ವರ್ಷ, ಅವತ್ತಿಂದ ಇವತ್ತಿನವರೆಗೆ ನೀನು ನನ್ನ ಹತ್ತಿರ ಒಂದು ಸುಳ್ಳು ಹೇಳಿದವನಲ್ಲ. ಗಾಜಿನ ಲೋಟ ಒಡೆದರೂ ಚೂರುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದೆ.

ಆದರೆ ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ನಿನ್ನೆ ಮೆಣಸಿನಕಾಯಿ ಬಂದಿದ್ದಳು. ಪಾಪ, ಅವಳ ಖಾರವೆಲ್ಲ ಇಳಿದುಹೋಗಿದೆ, ಇಂಜೆಕ್ಷನ್ ಕೊಡುವ ಮೊದಲು ರೋಗಿಯನ್ನು ಮೂರು ಮೂರು ಸಲ ಕೇಳುತ್ತಾಳಂತೆ. ಹೋಗುವಾಗ ಹೇಳಿದಳು: "ಅಕ್ಕಾ, ಈ ತಿಂಗಳಿಂದ ಹೊಸದೊಂದು ಶುರುವಾಗಿದೆ. ಕಂಪ್ಯೂಟರ್ ಏನಾದ್ರೂ ವಾಪಸ್ ತಗೊಂಡ್ರೆ ಒಂದು ಹಾಳೆ ಪ್ರಿಂಟ್ ಆಗಿ ಬರತ್ತೆ. ಇಂತಿಂಥ ನಮೂದು ತೆಗೆದಿಟ್ಟಿದೀವಿ, ನಿಜವಾದ್ದು ಇದೆಯಾ ನೋಡಿ ಸಹಿ ಹಾಕಿ ಅಂತ."

ನಿಜವಾದದ್ದು ಒಂದೂ ಹೋಗುವುದಿಲ್ಲ ಎಂದ ಮೇಲೆ ಆ ಹಾಳೆ ಯಾಕೆ ಬೇಕು ಮರೀ? ನನಗೆ ನಿಮ್ಮ ವಿದ್ಯೆ ತಿಳಿಯದು, ದಡ್ಡ ಪ್ರಶ್ನೆಯಾದರೆ ಬೈದು ಬಿಡು. ಏಪ್ರಿಲ್ ಹದಿನೈದಕ್ಕೆ ಕೊನೆಯ ವಿಚಾರಣೆ. ತಪ್ಪು ಒಪ್ಪಿ ಸಹಿ ಹಾಕಿದರೆ ವಿಷಯ ಅಲ್ಲಿಗೇ ಮುಗಿಸುತ್ತೇವೆ, ಪೊಲೀಸಿಗೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಸಹಿ ಹಾಕಿದರೆ ಇನ್ನು ಎಲ್ಲಿಯೂ ನರ್ಸ್ ಕೆಲಸ ಮಾಡುವ ಹಾಗಿಲ್ಲ. ಅದಕ್ಕೆ ಮೊದಲು ನಿನ್ನ ಉತ್ತರ ಬರಲಿ.

ನಿನ್ನ ಅಕ್ಕ


ಏಪ್ರಿಲ್ 8

ಅಕ್ಕ,

ಆ ಹಾಳೆ ಮಾಮೂಲಿ ಸುಧಾರಣೆ. ಪ್ರತಿ ವರ್ಷ ಇಂಥ ನಾಲ್ಕೈದು ಸೇರಿಸುತ್ತಿರುತ್ತೇವೆ. ನಿನ್ನ ವಿಷಯಕ್ಕೂ ಅದಕ್ಕೂ ಸಂಬಂಧವಿಲ್ಲ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಸಹಿಯ ವಿಷಯ ನಾನು ಏನು ಹೇಳಲಿ? ಪೊಲೀಸು, ಕೋರ್ಟು ಎಂದು ಈ ವಯಸ್ಸಿನಲ್ಲಿ ನೀನು ಅಲೆಯುವುದು ಬೇಡ ಎಂದಷ್ಟೇ ನನಗನಿಸುತ್ತದೆ. ಭಾವನೊಂದಿಗೆ ಯೋಚಿಸಿ ಮಾಡು.

ತಮ್ಮ


ಏಪ್ರಿಲ್ 22

ಮರೀ,

ಸಹಿ ಹಾಕಿದೆ. ಮೂರು ಪ್ರತಿ, ಮೂರಕ್ಕೂ. "ರೋಗಿಯ ಮಗಳು ತಿಳಿಸಿದ್ದರೂ ನಾನು ದಾಖಲಿಸಲು ಮರೆತೆ." ಇಸ್ತ್ರಿ ಡಾಕ್ಟರು ಎದ್ದು ನಿಂತು ಕೈಕುಲುಕಿದರು, ಬಹುಮಾನ ಕೊಟ್ಟವರ ಹಾಗೆ. ನನ್ನ ಅಲಮಾರಿಯಲ್ಲಿದ್ದ ಚಪ್ಪಲಿ, ಕತ್ತರಿ, ಒಂದು ಸ್ವೆಟರು ಚೀಲಕ್ಕೆ ಹಾಕಿಕೊಂಡು ಬಂದೆ. ವಾರ್ಡಿನ ಒಳಗೆ ಹೋಗಲು ಬಿಡಲಿಲ್ಲ, ಚೀಲವನ್ನು ಗೇಟಿಗೇ ತಂದುಕೊಟ್ಟರು.

ಸಹಿ ಹಾಕಿದ ಮೇಲೂ ಮನಸ್ಸು ನಿಲ್ಲಲಿಲ್ಲ. ಕಾಗದಕ್ಕೆ ಒಪ್ಪಿಕೊಂಡರಾಯಿತೇ, ತಾಯಿಯನ್ನು ಕಳೆದುಕೊಂಡವಳಿಗೆ ಯಾರು ಹೇಳುತ್ತಾರೆ? ನಿನ್ನ ಭಾವ ಬೇಡವೇ ಬೇಡ ಎಂದರು. ಹೊಡೆಯಲಿ ಬಿಡಿ ಎಂದು ಹೊರಟೇಬಿಟ್ಟೆ.

ಒಂದೇ ಕೋಣೆಯ ಮನೆ. ಅರ್ಧ ಜಾಗ ಹೊಲಿಗೆ ಯಂತ್ರವೇ ತಿಂದಿದೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬಟ್ಟೆ, ನೆಲದ ಮೇಲೆ ಗಂಟುಗಟ್ಟಲೆ ಬಟ್ಟೆ. ಅಮ್ಮ ಅರ್ಧ ಹೊಲಿದು ಬಿಟ್ಟದ್ದನ್ನೆಲ್ಲ ಅವಳು ಒಂದೊಂದಾಗಿ ಕೊಟ್ಟವರಿಗೆ ವಾಪಸ್ ಮಾಡುತ್ತಿದ್ದಾಳೆ. ಬಾಗಿಲಲ್ಲಿ ನನ್ನನ್ನು ನೋಡಿ ಮುಖ ಕಲ್ಲಾಯಿತು. ನಿಂತಲ್ಲೇ ಹೇಳಿದೆ. "ನೀನು ಹೇಳಿದ್ದೆ, ನಾನು ಕೇಳಿಸಿಕೊಂಡೆ, ಹಾಕೋದು ಮರೆತೆ. ನಿಮ್ಮಮ್ಮ ಹೋಗಿದ್ದು ನನ್ನಿಂದ" ಅಂದೆ.

ಹೊಡೆಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಗಂಟಿನ ಮೇಲಿಟ್ಟಳು. ಆಮೇಲೆ, "ಇಷ್ಟು ಜನ ಇದಾರೆ. ಡಾಕ್ಟ್ರು, ಆಫೀಸ್ನೋರು, ಕಂಪ್ಯೂಟರ್ನೋರು. ಎಲ್ಲಾ ಕೈ ತೊಳ್ಕೊಂಡ್ರು. ನಂದೇ ತಪ್ಪು ಅಂತ ಮನೆಗೆ ಬಂದೋರು ನೀವೊಬ್ಬರೇ" ಎಂದು ಗಳಗಳ ಅತ್ತಳು. ಕುಡಿಯಲು ನೀರು ಕೊಟ್ಟಳು. ಆ ಬಟ್ಟೆಗಳ ಚೀಟಿಯ ಮೇಲೆ ಅವರಮ್ಮನ ಅಕ್ಷರ ಅವಳಿಗೂ ಓದಲಾಗುತ್ತಿರಲಿಲ್ಲ. ಡಾಕ್ಟರುಗಳ ಬರಹ ಓದಿ ಓದಿ ಪಳಗಿದವಳು ನಾನು, ಕೂತು ಓದಿಕೊಟ್ಟೆ. ಒಂದರ ಮೇಲೆ "ಇವಳಿಗೆ ಸೊಂಟ ಬಿಗಿ ಬೇಡ, ಬಸುರಿ" ಎಂದಿತ್ತು. ಓದುತ್ತಾ ಇಬ್ಬರಿಗೂ ನಗು ಬಂತು, ನಕ್ಕಿದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ಇನ್ನು ಪ್ರತಿ ಬುಧವಾರ, ಅವಳ ರಜೆಯ ದಿನ, ಹೋಗಿ ಬರುತ್ತೇನೆ. ಅವಳು ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ಕೊಂದವರ ಮನೆಯಲ್ಲಿ ಕೂತು ಬಟ್ಟೆ ಮಡಿಸುತ್ತೇನೆ ಮರೀ. ಹೀಗೂ ಬದುಕಬಹುದು ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ ಕಾಗದ ಯಾಕೋ ಚಿಕ್ಕದಾಗುತ್ತಾ ಬರುತ್ತಿದೆ. ಬೆನ್ನು ಹೇಗಿದೆ?

ನಿನ್ನ ಅಕ್ಕ


ಮೇ 8

ಅಕ್ಕ,

ನೀನು ಹಾಕಿದ್ದೆ.

ಬೇರೆ ಯಾವ ಮಾತಿನಿಂದ ಶುರುಮಾಡಲೂ ನನಗೆ ಯೋಗ್ಯತೆಯಿಲ್ಲ. ನೀನು ಹಾಕಿದ್ದೆ. ಫೆಬ್ರವರಿ ಆರು, ಬೆಳಿಗ್ಗೆ ಹನ್ನೊಂದು ಮೂವತ್ತನಾಲ್ಕು. "ಪೆನಿಸಿಲಿನ್ ಕೊಡಲೇಬಾರದು. ಹಿಂದೆ ಉಸಿರು ನಿಂತಿತ್ತು. ಮಗಳು ಹೇಳಿದ್ದು." ಕೆಂಪು ಗುರುತೂ ಬಂದಿತ್ತು. ನೀನು ಕಂಡದ್ದು ನಿಜ.

ಅದನ್ನು ತೆಗೆದದ್ದು ಕಳ್ಳನಲ್ಲ, ನಾನು ಬರೆದ ನಿಯಮ. ಒಂದು ಲಾಗಿನ್ನಿಗೆ ಕಳ್ಳ ಸೇರಿದನೆಂದರೆ ಆ ದಿನ ಆ ಹೆಸರಿನಲ್ಲಿ ಆದದ್ದೆಲ್ಲವನ್ನೂ ಬೇರೆ ತೆಗೆದಿಡು, ಯಾವುದು ಅವನದು ಯಾವುದು ಅಲ್ಲ ಎಂದು ಆರಿಸುತ್ತಾ ಕೂರಬೇಡ ಎಂದು ಬರೆದಿದ್ದೆ. ಒಂದು ಹೆಸರು ಎಂದರೆ ಒಬ್ಬ ಮನುಷ್ಯ ಎಂಬ ಲೆಕ್ಕ ನನ್ನದು. ನಿಮ್ಮ ವಾರ್ಡಿನಲ್ಲಿ ಒಂದು ಹೆಸರು ಎಂದರೆ ಏಳು ಜನ, ಒಂದು ಇಡೀ ಬೆಳಗಿನ ಕೆಲಸ. ನೀನು ಊಟದ ಹೊತ್ತಿಗೆ ಹೇಳಿದ್ದೆ, ನಾನು ನಕ್ಕಿದ್ದೆ. ನಕ್ಕು, ಮರುದಿನ ಆಫೀಸಿಗೆ ಹೋಗಿ ಆ ನಿಯಮವನ್ನು ಹಾಗೆಯೇ ಇಟ್ಟೆ. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಕನ್ನಡಕದವರು ಅನ್ನುತ್ತೇವೆ. ಅವರು ಆಗಲೇ ಹೇಳಿದ್ದರು: "ವಾಪಸ್ ತಗೊಳ್ಳೋ ಮುಂಚೆ ವಾರ್ಡಿನೋರಿಗೆ ಒಂದ್ಸಲ ತೋರಿಸ್ರಪ್ಪ." ತೋರಿಸಿದರೆ ಅರ್ಧ ಗಂಟೆ ತಡೆಯಬೇಕಾಗುತ್ತದೆ, ಎಲ್ಲೂ ತಡೆಯುವುದಿಲ್ಲ ಎನ್ನುವುದೇ ನಮ್ಮ ಹೆಚ್ಚುಗಾರಿಕೆ ಎಂದು ವಾದಿಸಿ ಗೆದ್ದವನು ನಾನು.

ಕಳ್ಳನ ಮೂವತ್ತೊಂದು ಸಾಲಿನ ಜೊತೆ ನಿಮ್ಮದು ನಲವತ್ತಮೂರು ಸಾಲು ಹೋಯಿತು. ನಲವತ್ತೆರಡರಿಂದ ಏನೂ ಆಗಲಿಲ್ಲ.

ಮಾರ್ಚ್ ಹನ್ನೆರಡಕ್ಕೆ ಖಾನೆ ತೆಗೆದು ನೋಡಿದೆ. ಇಪ್ಪತ್ತೇಳನೇ ಸಾಲು ನಿನ್ನದು. ಅಷ್ಟರಲ್ಲಿ ಏನೂ ಹೋಗಿಲ್ಲವೆಂದು ಸಹಿ ಹಾಕಿಯಾಗಿತ್ತು. ಹೊರಗೆ ಹೇಳಿದರೆ ನಾನು ಒಳಗೆ. ದೊಡ್ಡವರಿಗೆ ಮಾತ್ರ ಹೇಳಿದೆ. ಅವರು, "ನಿಯಮ ಇವತ್ತೇ ಸರಿಮಾಡು. ಬಾಯಿ ಬಿಡಬೇಡ. ನಿಮ್ಮಕ್ಕಂಗೇನು, ಕೆಲಸ ಹೋಗ್ಬಹುದು ಅಷ್ಟೇ" ಅಂದರು. ನಾನು ಹೂಂ ಅಂದೆ. ಒಂಬತ್ತು ದಿನ ತೊಳಲಾಡಿ ನಿನಗೆ ಆ ಸುಳ್ಳು ಬರೆದೆ.

ಅಲ್ಲಿಂದಾಚೆ ದಿನಾ ಅದನ್ನು ತೆಗೆದು ಓದುತ್ತಿದ್ದೆ. ಪ್ರಿಂಟ್ ತೆಗೆಯಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಇನ್ನೂ ನಲವತ್ತು ದಿನ ಇದೆ, ಇನ್ನೂ ಹದಿನೈದು ಇದೆ ಎಂದುಕೊಂಡೆ. ನೀನು ಆ ಮನೆಗೆ ಹೋಗಿ ಬಂದದ್ದನ್ನು ಓದಿದ ದಿನವೂ ಒತ್ತಲಿಲ್ಲ. ನಿನ್ನೆ ತೊಂಬತ್ತು ತುಂಬಿತು. ಮಧ್ಯಾಹ್ನ ಎರಡು ಹದಿನಾಲ್ಕಕ್ಕೆ ಖಾನೆ ಖಾಲಿಯಾಯಿತು. ನೋಡುತ್ತಾ ಕೂತಿದ್ದೆ. ಹೆದರಿಕೆ ಕಳೆಯುತ್ತದೆ ಎಂದುಕೊಂಡಿದ್ದೆ ಅಕ್ಕ. ಕಳೆಯಲಿಲ್ಲ.

ಈಗ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ನೀನು ಹೇಳು ಎಂದರೆ ಹೋಗಿ ಹೇಳುತ್ತೇನೆ. ಬೇಡ ಎಂದರೆ ಬಿಡುತ್ತೇನೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ.

ತಮ್ಮ


ಮೇ 15

ತಮ್ಮಾ,

ನಿನ್ನ ಕಾಗದ ಬಂದ ದಿನ ಮೊದಲ ಸಾಲು ಓದಿ, ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹಾಕಿದ್ದೆ. ಹಾಕಿದ್ದೆ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಕುಣಿಯಬೇಕು ಅನ್ನಿಸಿತು, ನಂಬುತ್ತೀಯಾ? ಅರ್ಧ ನಿಮಿಷ ಅಷ್ಟೇ. ಆಮೇಲೆ ತಾರೀಕು ಓದಿದೆ. ಮಾರ್ಚ್ ಹನ್ನೆರಡು. ನಾನು ಮೇಜಿನ ಹಲಗೆಯ ಮೇಲೆ ಬೆರಳು ಒತ್ತುತ್ತಾ ಹುಚ್ಚಿಯ ಹಾಗೆ ಕೂತಿದ್ದಾಗ ನಿನಗೆ ಗೊತ್ತಿತ್ತು. ಸಹಿ ಹಾಕುವಾಗ ಗೊತ್ತಿತ್ತು. ಆ ಹುಡುಗಿಯ ಬಾಗಿಲಲ್ಲಿ ನಿಂತು ನಿಮ್ಮಮ್ಮನನ್ನು ಕೊಂದವಳು ನಾನು ಎಂದಾಗಲೂ ಗೊತ್ತಿತ್ತು. ಕೆಲಸ ಹೋದದ್ದಕ್ಕೆ ನನಗೆ ಇಷ್ಟು ಉರಿಯುತ್ತಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ನನ್ನ ಕಣ್ಣಿಂದಲೇ ಕಿತ್ತುಕೊಂಡೆಯಲ್ಲೋ.

ನಾನು ಹೇಳು ಎಂದರೆ ಹೇಳುತ್ತೀಯಾ? ಇದನ್ನೂ ನಾನೇ ಹೊರಬೇಕಾ? ನಾನು ಏನೂ ಹೇಳುವುದಿಲ್ಲ.

ನಿನ್ನೆ ಬುಧವಾರ. ಎಂದಿನಂತೆ ಹೋದೆ. ಕಾಗದವನ್ನು ಅವಳ ಕೈಗೆ ಕೊಟ್ಟು, ನನ್ನ ತಮ್ಮ ಬರೆದದ್ದು ಎಂದೆ. ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಎರಡು ಸಲ ಓದಿದಳು. "ಮಗಳು ಹೇಳಿದ್ದು ಅಂತಾನೂ ಬರೆದಿದ್ರಾ ಸಿಸ್ಟರ್?" ಅಂದಳು. ಬರೆದಿದ್ದೆ ಅಂದೆ. ಅಷ್ಟು ದಿನದಲ್ಲಿ ಮೊದಲ ಸಲ ನನ್ನ ಕೈ ಹಿಡಿದುಕೊಂಡಳು. ಹಿಡಿದ ಕೈ ಸ್ವಲ್ಪ ಹೊತ್ತಿಗೆ ತಣ್ಣಗಾಯಿತು. "ಹಾಗಾದ್ರೆ ಅವತ್ತು ಬಂದು ಯಾಕೆ ನಿಮ್ಮದೇ ತಪ್ಪು ಅಂದ್ರಿ?" ಎಂದು ಕೇಳಿದಳು. ನನ್ನ ತಮ್ಮ ಹೇಳಿದ, ಅದಕ್ಕೆ ಅಂದೆ. ಅದಕ್ಕಿಂತ ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಓದಿ ಹರಿದು ಹಾಕು ಎಂದಿದ್ದೆ, ನಾನು ನಿನ್ನ ಒಂದು ಕಾಗದವನ್ನೂ ಹರಿದಿಲ್ಲ. ನಾಲ್ಕೂ ಈಗ ಅವಳ ಹತ್ತಿರ ಇವೆ, ನಿನ್ನ ಕೈಬರಹ, ನಿನ್ನ ತಾರೀಕು. ಪೊಲೀಸಿಗೆ ಕೊಡುತ್ತಾಳೋ, ಇಸ್ತ್ರಿ ಡಾಕ್ಟರ ಮುಂದೆ ಇಡುತ್ತಾಳೋ, ಒಲೆಗೆ ಹಾಕುತ್ತಾಳೋ ನಾನು ಕೇಳಲಿಲ್ಲ. ತಾಯಿ ಅವಳದು. ಅವಳು ಕೇಳಿದ್ದು ಒಂದೇ, ನಿನ್ನ ಮನೆ ಎಲ್ಲಿ ಎಂದು.

ವಿಳಾಸ ಬರೆದುಕೊಟ್ಟಿದ್ದೇನೆ. ಹೊಸಬರಿಗೆ ಸಿಗುವುದು ಕಷ್ಟವೆಂದು, ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು, ಎರಡನೇ ಮಹಡಿ, ಎಡಗಡೆಯ ಬಾಗಿಲು ಎಂದೂ ಬರೆದೆ. ಬರುವ ಬುಧವಾರ ಅವಳಿಗೆ ರಜೆ. ಬೆಳಗಿನ ಬಸ್ಸಿಗೆ ಬರುತ್ತಾಳೆ, ಒಬ್ಬಳೇ. ನಾನು ಜೊತೆಗೆ ಬರುವುದಿಲ್ಲ. ಬಾಗಿಲು ತಟ್ಟಿದರೆ ತೆಗಿ.

ಅಕ್ಕ